ಒದ್ದೆ ಗುಂಡಿಯ ಸುಳ್ಳು

ತವಮಲರ್‌ಗೆ ಜಂಬ ಇತ್ತು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಯಾಕೆಂದರೆ ತಂಡದವರೆಲ್ಲ ಅದನ್ನು ಬಲ್ಲರು, ಅವಳೂ ಬಚ್ಚಿಟ್ಟವಳಲ್ಲ. ಯುದ್ಧ ಮುಗಿದ ಮೇಲೂ ಮಣ್ಣಿನೊಳಗೇ ಉಳಿದುಕೊಂಡ ನೆಲಬಾಂಬುಗಳನ್ನು ಮಂಡಿಯೂರಿ, ಅಂಗುಲ ಅಂಗುಲ ಕೆರೆದು ತೆಗೆಯುವ ಕೆಲಸ ಅವಳದು. ಹನ್ನೊಂದು ವರ್ಷವಾಗಿತ್ತು. ಅವಳು ಮುಗಿಸಿ ಎದ್ದ ನೆಲದಲ್ಲಿ ತಪಾಸಣೆಯವರಿಗೆ ಅಷ್ಟೂ ವರ್ಷದಲ್ಲಿ ಒಂದು ಗುಂಡುಸೂಜಿಯೂ ಸಿಕ್ಕಿರಲಿಲ್ಲ. ತವಮಲರ್ ಪಾಲಿನ ನೆಲದ ಪಟ್ಟಿ ಎಂದರೆ ಕಣ್ಣು ಮುಚ್ಚಿಕೊಂಡು ನಡೆಯಬಹುದು ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವಳು ಕೇಳಿಸದವಳಂತೆ ಬಗ್ಗಿ ಬೂಟಿನ ದಾರ ಬಿಗಿಯುತ್ತಿದ್ದಳು. ದಾರ ಮೊದಲೇ ಬಿಗಿಯಾಗಿರುತ್ತಿತ್ತು.

ಗಂಡ ಯೋಗನಾಥನ್ ಹಿನ್ನೀರಿನಲ್ಲಿ ಸಿಗಡಿ ಹಿಡಿಯುವವನು. ಸಂತೆಯಲ್ಲಿ ಜನ ಅವನನ್ನು ಗುರುತಿಸುತ್ತಿದ್ದದ್ದೇ ತವಮಲರ್ ಗಂಡ ಎಂದು. ಪಾಪ, ಅವನಿಗೂ ಅದರಲ್ಲಿ ಬೇಸರವಿರಲಿಲ್ಲ. ಹೆಂಡತಿಯ ಹೆಸರು ಹೇಳಿ ಒಂದು ಬುಟ್ಟಿ ಸಿಗಡಿ ಜಾಸ್ತಿ ಮಾರುವಷ್ಟು ಜಾಣನೂ ಆಗಿದ್ದ.

ಆ ವರ್ಷ ತಂಡಕ್ಕೆ ಸಿಕ್ಕಿದ್ದು ಕಿಳಿನೊಚ್ಚಿಯ ಉತ್ತರಕ್ಕೆ, ಹಿನ್ನೀರಿನ ದಡದ ಉಪ್ಪುಕ್ಕೇಣಿ ಎಂಬ ಊರು. ಊರು ಎನ್ನುವುದು ಮರ್ಯಾದೆಗೆ. ಇದ್ದದ್ದು ತಲೆ ಹಾರಿಹೋದ ತಾಳೆಮರಗಳು, ಮನೆಗಳ ಪಾಯ, ಒಂದು ಸವುಳು ನೀರಿನ ಬಾವಿ. ಬಾವಿಯ ಪಕ್ಕದ ನೆಲ ಸೆಲ್ಲಮುತ್ತು ಎಂಬ ಮುದುಕಿಯದು. ಎಲ್ಲರೂ ಅವಳನ್ನು ಆಚ್ಚಿ, ಅಂದರೆ ಅಜ್ಜಿ, ಎನ್ನುತ್ತಿದ್ದರು. ಎಪ್ಪತ್ತೆಂಟು ವರ್ಷ, ಬೆನ್ನು ಬಾಗಿದೆ, ನಾಲಿಗೆ ಮಾತ್ರ ನೆಟ್ಟಗಿದೆ. ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಬಂದು, ರಸ್ತೆಯಂಚಿನ ಕೆಂಪು ಫಲಕದ ಆಚೆ ಕಪ್ಪು ಕೊಡೆ ಬಿಡಿಸಿಕೊಂಡು ಕೂತು, ತನ್ನ ನೆಲದ ಮೇಲೆ ಬೇರೆಯವರು ಮಂಡಿಯೂರುವುದನ್ನು ನೋಡುತ್ತಿದ್ದಳು. ಇಪ್ಪತ್ತು ವರ್ಷ ಕಾದವಳು. ಕೆಲಸ ನಿಧಾನವಾದರೆ ಅಲ್ಲಿಂದಲೇ ಬೈಯುತ್ತಿದ್ದಳು.

ಇನ್ನು ನೀರಿನ ತೊಟ್ಟಿಯ ವಿಷಯ. ತಂಡದಲ್ಲಿ ಎಂಟು ಜನ, ಅದರಲ್ಲಿ ಆರು ಹೆಂಗಸರು. ಸವುಳು ಬಾವಿಯ ನೀರು ತುಂಬಿಸಿದ, ಕೈಕಾಲು ತೊಳೆಯುವ ತೊಟ್ಟಿ ರಸ್ತೆಯ ಬದಿಗೆ, ನೆತ್ತಿ ಸುಡುವ ಬಿಸಿಲಿನಲ್ಲಿತ್ತು. ಗಂಟೆಗೊಮ್ಮೆ ಸಿಗುವ ಹತ್ತು ನಿಮಿಷದ ಬಿಡುವಿನಲ್ಲಿ ಮುಖಗವಸು, ತೂಕದ ಏಪ್ರನ್ನು ಬಿಚ್ಚಿಟ್ಟು ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಬಿಡುವೇ ಮುಗಿದಿರುತ್ತಿತ್ತು. ಮೇಲ್ವಿಚಾರಕ ಅಮಲದಾಸ್‌ಗೆ ತವಮಲರ್ ಮೂರು ಸಲ ಹೇಳಿದಳು, ನಾಲ್ಕನೇ ಸಲ ಜಗಳವನ್ನೇ ಆಡಿದಳು. ಅವನು ಕೆಟ್ಟವನಲ್ಲ. ಶರ್ಟಿನ ಜೇಬಿನಲ್ಲಿ ಎರಡು ಪೆನ್ನು, ಹಣೆಯಲ್ಲಿ ಸದಾ ಗಂಟು, ಅಷ್ಟೆ. ಕೊನೆಗೆ ಅವನು ತೊಟ್ಟಿಯನ್ನು ಬೇವಿನ ಮರದ ನೆರಳಿಗೆ ಎಳೆಸಿಕೊಟ್ಟ. ಹೆಂಗಸರು ಅವತ್ತು ತವಮಲರ್‌ಗೆ ತಮ್ಮ ತಮ್ಮ ಡಬ್ಬಿಯಿಂದ ಒಂದೊಂದು ತುತ್ತು ಪಿಟ್ಟು ತಿನ್ನಿಸಿದರು. ಅವಳ ಗೆಳತಿ ಜೆಸಿಂತಾ, ಬಾಯಲ್ಲಿ ಒಳ್ಳೆ ಮಾತು ಬರುವುದೇ ಕಷ್ಟ, ಅಂಥವಳೂ "ಪರವಾಗಿಲ್ಲ ಕಣೆ, ನಿನ್ನ ಬಾಯಿಂದ ನಮಗೂ ಒಂದು ಉಪಕಾರ ಆಯ್ತು" ಎಂದಳು.

ಬೇವಿನ ಮರದ ಬುಡದಿಂದ ಆರು ಹೆಜ್ಜೆ ಇಳಿಜಾರಿನಲ್ಲಿ ಪರೀಕ್ಷಾ ಗುಂಡಿ ಇತ್ತು. ಯಾರೂ ಅದರ ಬಗ್ಗೆ ಯೋಚಿಸಲಿಲ್ಲ.

ಈ ಗುಂಡಿಯ ಕತೆ ಇಷ್ಟು. ಲೋಹ ಹುಡುಕುವ ಯಂತ್ರಕ್ಕೆ ಲೋಹವೊಂದೇ ಕೇಳಿಸುವುದಿಲ್ಲ, ಮಣ್ಣೂ ಕೇಳಿಸುತ್ತದೆ. ಒಣಮಣ್ಣು ಸುಮ್ಮನಿರುತ್ತದೆ. ಉಪ್ಪುನೀರು ಕುಡಿದ ಮಣ್ಣು ತಾನೇ ಲೋಹ ಎಂದುಕೊಂಡು ಕಿರುಗುಟ್ಟುತ್ತದೆ. ಅದಕ್ಕೆ ದಿನಾ ಬೆಳಿಗ್ಗೆ ಯಂತ್ರವನ್ನು ಗುಂಡಿಯ ಪಕ್ಕದ ನೆಲಕ್ಕೆ ಹಿಡಿದು, ಬಟನ್ ಒತ್ತಿ, ಇದು ಬರೀ ಮಣ್ಣು, ಇದರ ಮಾತಿಗೆ ಕಿವಿಗೊಡಬೇಡ ಎಂದು ಕಲಿಸಬೇಕು. ಆಮೇಲೆ ಪರೀಕ್ಷಾ ಗುಂಡಿಯ ಮೇಲೆ ಆಡಿಸಬೇಕು. ಅಲ್ಲಿ ಒಂದು ಚೋಟು ಆಳದಲ್ಲಿ, ಬಾಂಬಿನ ಹೊಟ್ಟೆಯಲ್ಲಿರುವಷ್ಟೇ ಪುಟ್ಟ ಕಬ್ಬಿಣದ ಚೂರನ್ನು ಹೂತಿಟ್ಟಿರುತ್ತಾರೆ. ಅದಕ್ಕೆ ಯಂತ್ರ ಕೂಗಿದರೆ ಅವತ್ತಿನ ಕೆಲಸಕ್ಕೆ ಯೋಗ್ಯ. ಬೆಳಿಗ್ಗೆ ಆರಕ್ಕೆ ಒಮ್ಮೆ, ಪ್ರತಿ ಬಿಡುವಾದ ಮೇಲೆ ಒಮ್ಮೆ, ಎಂಟು ಜನವೂ ಸಾಲಾಗಿ ನಿಂತು ತಪ್ಪದೆ ಈ ಪೂಜೆ ಮಾಡುತ್ತಿದ್ದರು. ತಪಾಸಣೆಗೆ ಹೊರಗಿನಿಂದ ಬಂದವನೂ ತನ್ನ ಯಂತ್ರವನ್ನು ಅದೇ ಗುಂಡಿಯ ಮೇಲೆ ಪರೀಕ್ಷಿಸಿಕೊಂಡೇ ಒಳಗೆ ಕಾಲಿಡುತ್ತಿದ್ದ.

ತೊಟ್ಟಿ ನೆರಳಿಗೆ ಬಂದ ಮೇಲೆ ಕೆಲಸ ಓಡತೊಡಗಿತು. ಅದಕ್ಕೆ ಮುಂಚೆ ಹೆಜ್ಜೆಗೊಂದು ಸದ್ದು ಬರುತ್ತಿತ್ತು. ಒಡೆದ ಫಿರಂಗಿ ಷೆಲ್ಲಿನ ಚೂರು, ಮೊಳೆ, ಬಾಟಲಿ ಮುಚ್ಚಳ, ಸಿಗರೇಟು ಪೊಟ್ಟಣದ ಹಾಳೆ, ಪ್ರತಿಯೊಂದನ್ನೂ ಬಾಂಬು ಎಂದೇ ನಂಬಿ ಕೆರೆದು ತೆಗೆಯಬೇಕು. ಈಗ ಯಂತ್ರ ಗಂಟೆಗಟ್ಟಲೆ ಸುಮ್ಮನಿರುತ್ತಿತ್ತು. ಈ ಕಡೆಯ ನೆಲ ಚೊಕ್ಕಟವಾಗಿದೆ, ಸೈನ್ಯದವರು ಇತ್ತ ಬಂದಂತಿಲ್ಲ ಎಂದು ಎಲ್ಲರೂ ಅಂದುಕೊಂಡರು. ಮೂರು ವಾರದಲ್ಲಿ ಎರಡು ತಿಂಗಳ ನೆಲ ಮುಗಿಯಿತು. ತವಮಲರ್ ಒಬ್ಬಳೇ ಇನ್ನೂರ ಅರವತ್ತು ಚದರ ಮೀಟರು ಮುಗಿಸಿದ್ದಳು. ದೊಡ್ಡ ಕಚೇರಿಯಿಂದ ಫೋನು ಬಂತು. ಅವಳ ಫೋಟೋ ತೆಗೆದುಕೊಂಡು ಹೋದರು. ಶುಕ್ರವಾರ ನೆಲ ಬಿಟ್ಟುಕೊಡುವ ಸಮಾರಂಭ ಎಂದು ದಿನ ಗೊತ್ತಾಯಿತು. ತವಮಲರ್‌ಗೆ ಆ ಮೂರು ವಾರ ನೆಲದ ಮೇಲೆ ಕಾಲೇ ನಿಂತಿರಲಿಲ್ಲ.

ಮಂಗಳವಾರ ಆಡಿ ತಿಂಗಳ, ಅಂದರೆ ಆಷಾಢದ, ಗಾಳಿ ಜೋರಾಗಿತ್ತು. ಬೆಳಗಿನ ಎರಡನೇ ಬಿಡುವಿಗೆ ಮುಂಚೆ, ತಾನು ಮುಗಿಸಿದ ಪಟ್ಟಿಯ ಅಂಚಿನ ಬಿಳಿ ಗೂಟಗಳನ್ನು ನೆಟ್ಟಗೆ ಮಾಡಲು ಅವಳು ಹೋದಳು. ಗಾಳಿ ರಾತ್ರಿಯೆಲ್ಲ ಬೀಸಿ ಮರಳನ್ನು ಒಂದು ಬೆರಳಿನಷ್ಟು ಎತ್ತಿಕೊಂಡು ಹೋಗಿತ್ತು. ಅಲ್ಲಿ, ಅವಳದೇ ಬೂಟಿನ ಗುರುತಿನ ಪಕ್ಕ, ಹೆಬ್ಬೆರಳಿನ ಉಗುರಿನಷ್ಟು ಷೆಲ್ಲಿನ ಚೂರೊಂದು ಮರಳಿನಿಂದ ಇಣುಕುತ್ತಿತ್ತು.

ಅವಳು ಅದನ್ನು ನೋಡಿದಳು. ಯಾರೋ ಬೀಳಿಸಿರಬೇಕು ಎಂದುಕೊಂಡಳು. ಆದರೆ ಅದರ ಅರ್ಧ ಮೈ ಇನ್ನೂ ಮಣ್ಣಿನೊಳಗೆ ಬಿಗಿಯಾಗಿ ಕೂತಿತ್ತು. ಬಿದ್ದದ್ದು ಹಾಗೆ ಕೂರುವುದಿಲ್ಲ. ಯಂತ್ರವನ್ನು ಅದರ ಮೇಲೆ ಆಡಿಸಿದಳು. ಸದ್ದಿಲ್ಲ. ಇನ್ನೂ ಕೆಳಗೆ ತಂದಳು. ಸದ್ದಿಲ್ಲ. ಯಂತ್ರದ ತಟ್ಟೆ ಚೂರಿಗೆ ತಾಗುವುದೊಂದು ಬಾಕಿ ಎನ್ನುವಾಗ ಒಂದು ಸಣ್ಣ ಕುಂಯ್ ಕೇಳಿತು. ಬ್ಯಾಟರಿ ನೋಡಿದಳು, ಸರಿಯಾಗಿತ್ತು. ಬೆಳಿಗ್ಗೆ ಪರೀಕ್ಷೆಯಲ್ಲಿ ಇದೇ ಯಂತ್ರ ಚೋಟು ಆಳದ ಚೂರಿಗೆ ಬಾಯಿ ತುಂಬ ಕೂಗಿತ್ತಲ್ಲ. ಆಗ ಅವಳು ಕಾಲ ಕೆಳಗೆ ನೋಡಿದಳು. ನಿಂತಿದ್ದದ್ದು ತಾನು ಮುಗಿಯಿತು ಎಂದು ಹೇಳಿದ ನೆಲದ ಮೇಲೆ. ಬಂದ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು, ಹನ್ನೊಂದು ವರ್ಷದ ಹಿಂದೆ ಮೊದಲ ದಿನ ನಡೆದಷ್ಟು ನಿಧಾನವಾಗಿ ಹಿಂದಕ್ಕೆ ಬಂದಳು. ಮಣ್ಣಿನಿಂದ ಬಿಡಿಸಿಕೊಂಡ ಚೂರು ಅವಳ ಮುಷ್ಟಿಯಲ್ಲಿತ್ತು.

ಸುಳ್ಳು ಹೇಳಬಾರದು. ಅದನ್ನು ಬೇಲಿಯ ಆಚೆ ಎಸೆದುಬಿಡುವ ಯೋಚನೆ ಅವಳಿಗೆ ಬಂತು. ಒಂದೇ ಒಂದು ಚೂರು, ಬಾಂಬಲ್ಲ, ಯಾರು ಕೇಳುತ್ತಾರೆ. ಊಟದ ಹೊತ್ತಿನವರೆಗೂ ಆ ಯೋಚನೆಯನ್ನು ಜೇಬಿನಲ್ಲಿಟ್ಟುಕೊಂಡೇ ಕೂತಿದ್ದಳು. ಸಂಬೋಲು ಎಂಬ ಕಾಯಿಚಟ್ನಿ ಕಲಸಿದ ಇಡಿಯಪ್ಪವನ್ನು ಬೆರಳಿನಿಂದ ಆಚೀಚೆ ತಳ್ಳುತ್ತಿದ್ದಳು. ಎದುರಿಗೆ ಜೆಸಿಂತಾ ತೊಟ್ಟಿಯ ನಲ್ಲಿ ಬಿಟ್ಟು ತಟ್ಟೆ ತೊಳೆಯುತ್ತಿದ್ದಳು. ನೀರು ಬೇವಿನ ಬೇರಿನ ಸಂದಿಯಲ್ಲಿ ಹಾದು, ಒಣಗಿದ ಎಲೆಗಳ ಕೆಳಗೆ ನುಸುಳಿ, ಇಳಿಜಾರಿನಲ್ಲಿ ಹೋಗುತ್ತಿತ್ತು. ತವಮಲರ್ ಕಣ್ಣು ಅದರ ಹಿಂದೆಯೇ ಹೋಯಿತು. ನೀರು ಪರೀಕ್ಷಾ ಗುಂಡಿಯ ಹತ್ತಿರ ಹೋಗಿ ಕಾಣೆಯಾಯಿತು.

ತಟ್ಟೆ ಬಿಟ್ಟು ಎದ್ದಳು. ಗುಂಡಿಯ ಮೇಲಿನ ಮರಳು ಬಿಸಿಲಿಗೆ ಒಣಗಿ ಬೆಳ್ಳಗಿತ್ತು. ಬೆರಳು ಹಾಕಿ ಕೆದಕಿದರೆ ಎರಡನೇ ಗೆಣ್ಣಿಗೆ ತಣ್ಣಗೆ ತಾಗಿತು. ಮಣ್ಣು ನಾಲಿಗೆಗಿಟ್ಟು ನೋಡಿದಳು. ಬರೀ ಉಪ್ಪು. ಸವುಳು ಬಾವಿಯ ನೀರು, ಎಂಟು ಜನರ ಕೈಕಾಲು, ಮೂರು ವಾರ. ಎಲ್ಲ ಒಂದೇ ಸಲ ಅವಳ ತಲೆಗೆ ಬಂತು. ಯಂತ್ರಗಳು ದಿನಾ ಕಲಿತದ್ದು ಈ ಉಪ್ಪು ಕೆಸರನ್ನು. ಕಿರುಗುಟ್ಟುವ ಈ ಕೆಸರಿಗೆ ಕಿವಿ ಮುಚ್ಚಿಕೊಳ್ಳಲು ಕಲಿತ ಯಂತ್ರ, ಒಣನೆಲಕ್ಕೆ ಹೋದಾಗ ಸಣ್ಣ ಲೋಹಕ್ಕೂ ಕಿವಿ ಮುಚ್ಚಿಕೊಂಡಿತ್ತು. ಗುಂಡಿಯೊಳಗಿನ ಕಬ್ಬಿಣ ಮಾತ್ರ ನೀರಿನಲ್ಲಿ ನೆನೆದು, ತುಕ್ಕು ಬಿಟ್ಟು, ಆ ತುಕ್ಕು ಸುತ್ತಲ ಒದ್ದೆಗೆ ಹರಡಿ, ಸಾಸಿವೆಯಷ್ಟಿದ್ದದ್ದು ನೆಲ್ಲಿಕಾಯಿಯಷ್ಟಾಗಿ ಕೇಳುತ್ತಿತ್ತು. ಅದಕ್ಕೇ ಅಷ್ಟು ಚೆನ್ನಾಗಿ ಕೂಗಿದ್ದು. ಎಂಟು ಜನ ಮೂರು ವಾರ ಮುಗಿಸಿದ್ದು ಮುಗಿದೇ ಇರಲಿಲ್ಲ. ತೊಟ್ಟಿಯನ್ನು ಅಲ್ಲಿಗೆ ತರಿಸಿದವಳು ತಾನು.

ಅಮಲದಾಸ್ ಟೆಂಟಿನಲ್ಲಿ ಸಮಾರಂಭಕ್ಕೆ ಬರುವವರ ಪಟ್ಟಿ ಬರೆಯುತ್ತಿದ್ದ. ಅವಳು ಚೂರನ್ನು ಕಾಗದದ ಮೇಲಿಟ್ಟಳು, ಎಲ್ಲಿ ಸಿಕ್ಕಿತು ಎಂದು ಹೇಳಿದಳು. ಅವನು ಗಾಳಿ ತಂದಿರಬೇಕು ಎಂದ. ಕಬ್ಬಿಣವನ್ನು ತರುವ ಗಾಳಿ ತಾನು ಕಂಡಿಲ್ಲ ಎಂದು ಅವಳು ಹೇಳಿದಳು. ಪ್ರತಿ ದಿನದ ಪರೀಕ್ಷೆಯೂ ಸರಿ ಬಂದಿದೆ, ಹಾಳೆ ಹಾಳೆಗೂ ಸಹಿ ಇದೆ, ತಪಾಸಣೆಯವನೂ ಒಪ್ಪಿದ್ದಾನೆ ಎಂದು ಅವನು ಎರಡನೇ ಪೆನ್ನನ್ನೂ ಹೊರತೆಗೆದ. ತವಮಲರ್ ವಾದ ಮಾಡಲಿಲ್ಲ. ಬನ್ನಿ ಎಂದಳು.

ರಸ್ತೆಯ ಬದಿಯ ಒಣನೆಲದಲ್ಲಿ ಅವಳೇ ಚೋಟು ಆಳದ ಹೊಸ ಗುಂಡಿ ತೋಡಿದಳು. ಪೆಟ್ಟಿಗೆಯಿಂದ ಇನ್ನೊಂದು ಕಬ್ಬಿಣದ ಚೂರು ತೆಗೆದು, ಹಳೆಯದರ ಅಳತೆಯದೇ, ಅದರಲ್ಲಿಟ್ಟು ಮುಚ್ಚಿದಳು. ಒದ್ದೆ ಗುಂಡಿಯ ಹತ್ತಿರ ಕಲಿಸಿದ ತನ್ನ ಯಂತ್ರವನ್ನು ತಂದು ಅದರ ಮೇಲೆ ಆಡಿಸಿದಳು. ಯಂತ್ರ ಸುಮ್ಮನಿತ್ತು. ಅಮಲದಾಸ್ ಅದನ್ನು ಅವಳ ಕೈಯಿಂದ ಕಿತ್ತುಕೊಂಡು ತಾನೇ ಆಡಿಸಿದ. ಜೆಸಿಂತಾಳ ಯಂತ್ರ ತರಿಸಿದ, ಆಮೇಲೆ ಇನ್ನೂ ಎರಡು ತರಿಸಿದ. ನಾಲ್ಕೂ ಸುಮ್ಮನಿದ್ದವು. ಕೊನೆಗೆ ಒಂದನ್ನು ಆ ಒಣನೆಲಕ್ಕೇ ಹಿಡಿದು ಹೊಸದಾಗಿ ಕಲಿಸಿ ಆಡಿಸಿದಾಗ, ಅದು ಎಲ್ಲರಿಗೂ ಕೇಳುವಂತೆ ಕೂಗಿತು. ಅಮಲದಾಸ್ ಅಲ್ಲೇ ಮರಳಿನ ಮೇಲೆ ಕೂತುಬಿಟ್ಟ.

"ಆ ತೊಟ್ಟಿ ಅಲ್ಲಿಗೆ ಯಾಕಮ್ಮ ಬಂತು" ಎಂದ. ಕೇಳಿದ್ದಲ್ಲ, ಸುಮ್ಮನೆ ಅಂದದ್ದು.

"ನಾನು ಜಗಳ ಆಡಿದೆ, ನೀವು ತರಿಸಿದ್ರಿ" ಎಂದಳು ತವಮಲರ್. "ಬರೀವಾಗ ನನ್ನ ಹೆಸರು ಬರೀರಿ."

ತಂಡದವರು ಸುತ್ತ ನಿಂತಿದ್ದರು. ಆಗಸ್ಟಿನ ಬಿಸಿಲಿನಲ್ಲಿ, ಆ ಏಪ್ರನ್ನು ತೊಟ್ಟು, ಮುಗಿಸಿದ ನೆಲವನ್ನೆಲ್ಲ ಮತ್ತೆ ಮೊದಲಿನಿಂದ ಕೆರೆಯಬೇಕು ಎಂಬುದು ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಒಬ್ಬಳು ಅಳತೊಡಗಿದಳು. ಸಮಾರಂಭ ಮುಗಿದ ಮರುದಿನ ಊರಿಗೆ ಹೋಗುವವರಿದ್ದರು, ಮದುವೆಗೆ ಸೀರೆ ತೆಗೆದಿಟ್ಟುಕೊಂಡವರಿದ್ದರು. ಜೆಸಿಂತಾಳ ಮುಖ ಕಪ್ಪಿಟ್ಟಿತು.

"ನಿನ್ನ ಹೆಸರು ಉಳಿಸ್ಕೊಳ್ಳೋಕೆ ನಾವೆಲ್ಲ ಬೆನ್ನು ಮುರ್ಕೋಬೇಕೇನೆ" ಎಂದಳು. "ಒಂದು ಚೂರು ಸಿಕ್ತು ಅಂತ ಇಷ್ಟು ರಂಪ. ಬಾಂಬು ಸಿಕ್ಕಿದ್ಯಾ?"

"ಹೆಸರು ಉಳೀತಿಲ್ಲ ಕಣೆ, ಹೋಗ್ತಿದೆ" ಎಂದಳು ತವಮಲರ್. ಕೆಂಪು ಫಲಕದ ಕಡೆ ಕೈ ತೋರಿಸಿದಳು. "ಶುಕ್ರವಾರ ಆಚ್ಚಿ ಗುದ್ದಲಿ ತಗೊಂಡು ಒಳಗೆ ಬರ್ತಾಳೆ. ಬಾಂಬು ಇದ್ಯೋ ಇಲ್ವೋ ಅಂತ ಅವಳು ಹುಡುಕಲಾ, ನಾವು ಹುಡುಕೋಣ್ವಾ?"

 ಅಮಲದಾಸ್ ಎದ್ದು, ಪ್ಯಾಂಟಿನ ಮರಳು ಕೊಡವಿಕೊಂಡು, ದೊಡ್ಡ ಕಚೇರಿಗೆ ಫೋನು ಮಾಡಲು ಹೋದ. ಬಹಳ ಹೊತ್ತು ಮಾತಾಡಿದ. ಅವನು ಆ ಕಡೆಯವರಿಗೆ ಒಂದು ಸಲವೂ ತವಮಲರ್ ಹೆಸರು ಹೇಳಲಿಲ್ಲ, ನಮ್ಮ ತಂಡದಿಂದ ತಪ್ಪಾಗಿದೆ, ನಮ್ಮ ತಂಡವೇ ಕಂಡುಹಿಡಿದಿದೆ ಎಂದಷ್ಟೇ ಹೇಳಿದ. ಇದನ್ನು ಟೆಂಟಿನ ಹೊರಗೆ ನಿಂತ ಎಲ್ಲರೂ ಕೇಳಿಸಿಕೊಂಡರು.

ಸಮಾರಂಭ ಮುಂದಕ್ಕೆ ಹೋಯಿತು. ತಾನು ಒಪ್ಪಿದ ನೆಲವನ್ನು ಹೊಸದಾಗಿ ನೋಡಲು ತಪಾಸಣೆಯವನೂ ಒಪ್ಪಿದ. ತೊಟ್ಟಿಯನ್ನು ಮರದ ಇನ್ನೊಂದು ಬದಿಗೆ, ನೀರು ರಸ್ತೆಯ ಕಡೆ ಇಳಿಯುವಂತೆ ಸರಿಸಿದರು. ನೆರಳು ತಪ್ಪಿಸಲಿಲ್ಲ, ಆ ಮಟ್ಟಿಗೆ ಅಮಲದಾಸ್ ದೊಡ್ಡವನು. ಒಣನೆಲದಲ್ಲಿ ಹೊಸ ಪರೀಕ್ಷಾ ಗುಂಡಿಯಾಯಿತು. ಆಚ್ಚಿಗೆ ಕಾಗದಪತ್ರದ ತೊಡಕು ಎಂದು ಹೇಳಿದರು. ಅವಳು ಕೆಂಪು ಫಲಕದ ಆಚೆಯಿಂದ ಅವರ ಕಾಗದಕ್ಕೂ ಪತ್ರಕ್ಕೂ ಅವರ ವಂಶಕ್ಕೂ ಸೇರಿಸಿ ಬೈದಳು. ಮಳೆಗೆ ಮುಂಚೆ ಮಣ್ಣಿಗೆ ಏನಾದರೂ ಊರಬೇಕು, ಇನ್ನೊಂದು ಮಳೆ ನೋಡುತ್ತೇನೋ ಇಲ್ಲವೋ ಎಂದು ಅವಳು ಅಂದದ್ದು ಮಾತ್ರ ತವಮಲರ್‌ಗೆ ಮುಳ್ಳಿನಂತೆ ಚುಚ್ಚಿತು.

ಕೆಲಸ ಮತ್ತೆ ಶುರುವಾಯಿತು. ಈಗ ಯಂತ್ರಗಳು ಬಾಯಿ ಮುಚ್ಚಲಿಲ್ಲ. ಹೆಜ್ಜೆಗೊಂದು ಸದ್ದು, ಪ್ರತಿ ಸದ್ದಿಗೂ ಮಂಡಿ, ಕೆರೆತ, ಒಂದು ಮೊಳೆ. ಜೆಸಿಂತಾ ಸಿಕ್ಕ ಮೊಳೆಯನ್ನೆಲ್ಲ ಸಂಜೆ ತಂದು ತವಮಲರ್ ಮುಂದೆ ಸುರಿದು, ತಗೋ ನಿನ್ನ ಬಾಂಬು ಎನ್ನುತ್ತಿದ್ದಳು. ಮೂರು ದಿನ ಹೀಗೆ ಆಯಿತು, ಐದು ದಿನ ಆಯಿತು. ತವಮಲರ್ ಒಳಗೊಳಗೇ ಎರಡು ಪಾಲಾದಳು. ಏನೂ ಸಿಗದಿರಲಿ, ಹನ್ನೊಂದು ವರ್ಷದ ಹೆಸರಿಗೆ ಮಸಿ ಹತ್ತದಿರಲಿ ಎಂದು ಒಂದು ಮನಸ್ಸು. ಏನೂ ಸಿಗದಿದ್ದರೆ ಏಳು ಜನರ ಬೆವರನ್ನು ಸುಮ್ಮನೆ ಬಸಿದಂತಾಯಿತಲ್ಲ ಎಂದು ಇನ್ನೊಂದು. ರಾತ್ರಿ ಯೋಗನಾಥನ್ ಕೇಳಿದರೆ ಬೆನ್ನು ನೋವು ಎಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು.

ಒಂಬತ್ತನೆಯ ದಿನ, ಹನ್ನೊಂದು ಗಂಟೆಯ ಹೊತ್ತಿಗೆ, ಅವಳ ಯಂತ್ರ ಕೂಗಿತು. ಚಿಕ್ಕ ಸದ್ದು, ಅಂಚು ಚೂಪಾಗಿತ್ತು. ಮೊಳೆ ಉದ್ದಕ್ಕೆ ಎಳೆದಂತೆ ಕೂಗುತ್ತದೆ, ಇದು ಚುಕ್ಕೆಯಿಟ್ಟಂತೆ ಕೂಗಿತು. ಅವಳು ಗುರುತಿಟ್ಟಳು. ಗುರುತಿನಿಂದ ಒಂದು ಗೇಣು ಹಿಂದಕ್ಕೆ ಸರಿದು, ಅಲ್ಲಿ ತಗ್ಗು ತೋಡಿ, ಅದರ ಗೋಡೆಯನ್ನು ಪುಟ್ಟ ಕರಣೆಯಿಂದ ಅಡ್ಡಡ್ಡಲಾಗಿ ಕೆರೆಯುತ್ತ, ಕುಂಚದಿಂದ ಮಣ್ಣು ಸರಿಸುತ್ತ ಹೋದಳು. ಈ ಕೆಲಸದವರು ನೆಲವನ್ನು ಮೇಲಿನಿಂದ ಮುಟ್ಟುವುದೇ ಇಲ್ಲ. ಬಾಂಬಿನ ನೆತ್ತಿ ಭಾರಕ್ಕೆ ಕಾಯುತ್ತಿರುತ್ತದೆ, ಪಕ್ಕೆಗೆ ಅಷ್ಟು ಸಿಟ್ಟಿಲ್ಲ. ಇಪ್ಪತ್ತು ನಿಮಿಷ ಕೆರೆದ ಮೇಲೆ ಕುಂಚಕ್ಕೆ ನುಣುಪಾದ್ದೇನೋ ತಾಗಿತು. ಹಸಿರು ಪ್ಲಾಸ್ಟಿಕ್ಕಿನ ಒಂದು ಅಂಚು, ತೆಂಗಿನ ಚಿಪ್ಪಿನ ಅಗಲ. ಅದರ ಮೇಲೆ ಚೋಟಿಗಿಂತ ಎರಡು ಬೆರಳು ಕಡಿಮೆ ಮಣ್ಣು. ಮೂರು ವಾರದ ಹಿಂದೆ ಅವಳು ಅದೇ ಮಣ್ಣಿನ ಮೇಲೆ ಮಂಡಿಯೂರಿ ಮುಂದೆ ಹೋಗಿದ್ದಳು. ಫೋಟೋ ತೆಗೆಯುವವನು ನಿಂತಿದ್ದದ್ದು ಅಲ್ಲಿಂದ ಎರಡು ಮಾರು ದೂರದಲ್ಲಿ.

ಕುಂಚವನ್ನು ಕೆಳಗಿಟ್ಟು, ಕೈಯೆತ್ತಿ ಸನ್ನೆ ಮಾಡಿದಳು. ಸೀಟಿ ಕೂಗಿತು, ಎಲ್ಲರೂ ಎದ್ದು ಹಿಂದಕ್ಕೆ ಬಂದರು. ಅಮಲದಾಸ್ ಬಂದು ನೋಡಿದ. ಮಧ್ಯಾಹ್ನ ಅದರ ಕೀಲು ಕಳಚಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ದೂರದ ತಗ್ಗಿನಲ್ಲಿ ಸಿಡಿಸಿದರು. ಸದ್ದಿಗೆ ತಾಳೆಮರದ ಕಾಗೆಗಳು ಹಾರಿದವು. ಯಾರ ಪಟ್ಟಿಯಲ್ಲಿ ಸಿಕ್ಕಿತು ಎಂದು ಹಾಳೆ ಹಿಡಿದು ಬಂದ ತಪಾಸಣೆಯವನು ಕೇಳಿದ. ತವಮಲರ್ ಎಲ್ಲರಿಗಿಂತ ಮುಂದೆ ನಿಂತು, "ನನ್ನ ಪಟ್ಟಿ, ನಾನು ಬಿಟ್ಟದ್ದು" ಎಂದಳು. ಹಾಗೆ ಹೇಳುವಾಗ ನಾಚಿಕೆಯಿಂದ ಸತ್ತೇ ಹೋಗುತ್ತೇನೆ ಎಂದುಕೊಂಡಿದ್ದಳು. ಹೇಳಿದ ಮೇಲೆ ನೋಡಿದರೆ ತಲೆ ಇನ್ನೂ ಎತ್ತಿಯೇ ಇತ್ತು. ಅದು ಅವಳಿಗೇ ಆಶ್ಚರ್ಯವಾಯಿತು.

 ಬಿಡುವಿನಲ್ಲಿ ಜೆಸಿಂತಾ ಎರಡು ಲೋಟ ಕಪ್ಪು ಚಹಾ ತಂದು, ಒಂದನ್ನು ತವಮಲರ್ ಕೈಗಿಟ್ಟು, ಬೆಲ್ಲದ ಚೂರನ್ನು ಹಲ್ಲಿನಿಂದ ಕಡಿದು ದೊಡ್ಡ ಪಾಲನ್ನೇ ಕೊಟ್ಟಳು. ಸಂಜೆ ಮೊಳೆ ತಂದು ಸುರಿಯುವ ಆಟ ಅವತ್ತಿಗೆ ನಿಂತಿತು. ಕೆಲಸ ಮುಗಿಯುವಷ್ಟರಲ್ಲಿ ಇನ್ನೊಂದು ಬಾಂಬು ಸಿಕ್ಕಿತು, ಅದು ಜೆಸಿಂತಾಳದೇ ಪಟ್ಟಿಯಲ್ಲಿ. ಅವಳು ಸನ್ನೆ ಮಾಡಿ ಎದ್ದು ಬಂದು, ತವಮಲರ್ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು ಬಹಳ ಹೊತ್ತು ನಿಂತಳು.

ಸೆಪ್ಟೆಂಬರ್ ನಡುವಿನ ಒಂದು ಶುಕ್ರವಾರ ಸಮಾರಂಭ ನಡೆಯಿತು. ನಾಲ್ಕು ಕುರ್ಚಿ, ಒಂದು ಶಾಮಿಯಾನ, ಬಾಳೆಕಂಬ. ನೆಲ ಬಿಟ್ಟುಕೊಡುವಾಗ ಒಂದು ಪದ್ಧತಿಯಿದೆ. ತೆರವು ಮಾಡಿದವರು ಮುಖಗವಸು, ಏಪ್ರನ್ನು ಯಾವುದೂ ಇಲ್ಲದೆ, ಕೈಕೈ ಹಿಡಿದು, ಸಾಲಾಗಿ ಆ ನೆಲದ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯಬೇಕು. ಎಂಟೂ ಜನ ನಡೆದರು. ಜನ ಚಪ್ಪಾಳೆ ತಟ್ಟಿದರು. ಆಚ್ಚಿ ತಟ್ಟಲಿಲ್ಲ. ಕೊಡೆ ಊರಿಕೊಂಡು, ಕಂಕುಳಲ್ಲಿ ಒಂದು ನುಗ್ಗೆಯ ಕೊಂಬೆ, ಇನ್ನೊಂದು ಕೈಯಲ್ಲಿ ಗುದ್ದಲಿ ಹಿಡಿದು ಗಡಿಯ ಹಗ್ಗದ ಹತ್ತಿರ ನಿಂತಿದ್ದಳು. ಹಗ್ಗ ಬಿಚ್ಚಿದರೂ ಕಾಲು ಮುಂದಿಡಲಿಲ್ಲ.

"ಯಾಕೆ ತಡ ಆಯ್ತು ಅಂತ ಯಾರೂ ನನಗೆ ಸರಿಯಾಗಿ ಹೇಳ್ಲಿಲ್ಲ" ಎಂದಳು.

ಅಮಲದಾಸ್ ನಗುತ್ತ ಕಾಗದಪತ್ರದ ಮಾತು ತೆಗೆದ. ಬಂದ ದೊಡ್ಡವರ ಮುಂದೆ ಇದೆಲ್ಲ ಬೇಡ ಎಂದು ಅವನು ಬೆಳಿಗ್ಗೆಯೇ ಎಲ್ಲರಿಗೂ ಹೇಳಿದ್ದ. ತವಮಲರ್ ಅವನನ್ನು ನೋಡಿದಳು, ಆಚ್ಚಿಯನ್ನು ನೋಡಿದಳು. ಈ ಮುದುಕಿ ಇದರ ಮೇಲೆ ಮಲಗುವವಳು, ಉಣ್ಣುವವಳು. ಅವಳಿಗೆ ಸುಳ್ಳಿನ ಮೇಲೆ ಮನೆ ಕಟ್ಟಿಕೊಡಲು ಮನಸ್ಸು ಬರಲಿಲ್ಲ.

"ಆಚ್ಚಿ, ನಾವು ಮುಗೀತು ಅಂದಾಗ ಮುಗಿದಿರಲಿಲ್ಲ" ಎಂದಳು. "ಎರಡು ಬಿಟ್ಟಿದ್ವಿ. ಅದರಲ್ಲಿ ಒಂದನ್ನ ಬಿಟ್ಟವಳು ನಾನೇ. ಗೊತ್ತಾದ ಮೇಲೆ ಪೂರ್ತಿ ನೆಲ ಇನ್ನೊಂದು ಸಲ ನೋಡಿ ಎರಡನ್ನೂ ತೆಗೆದ್ವಿ. ತಡ ಆಗಿದ್ದು ಅದಕ್ಕೆ."

ಶಾಮಿಯಾನದ ಕೆಳಗೆ ಕುರ್ಚಿಗಳು ಸದ್ದು ಮಾಡಿದವು. ಅಮಲದಾಸ್ ಕಣ್ಣು ಮುಚ್ಚಿಕೊಂಡ. ಆಚ್ಚಿ ಆ ಕುರ್ಚಿಗಳ ಕಡೆ ಒಮ್ಮೆ ನೋಡಿ, ತವಮಲರ್ ಕಡೆ ತಿರುಗಿದಳು.

"ಇಪ್ಪತ್ತು ವರ್ಷದಿಂದ ಎಷ್ಟು ಜನ ಬಂದ್ರು" ಎಂದಳು. "ಇವನು ಬಂದ, ಅವನು ಬಂದ. ಎಲ್ಲರೂ ಏನೂ ಆಗಿಲ್ಲ ಆಚ್ಚಿ, ಎಲ್ಲ ಸರಿಯಿದೆ ಆಚ್ಚಿ ಅಂದ್ರು. ನಾನು ತಪ್ಪು ಮಾಡಿದೆ ಅಂತ ಅಂದವಳು ನೀನೊಬ್ಬಳೇ." ಕೊಡೆಯ ತುದಿಯಿಂದ ತವಮಲರ್ ಬೂಟನ್ನು ತಟ್ಟಿದಳು. "ಇದನ್ನ ಬಿಚ್ಚು. ನಡಿ ನನ್ನ ಜೊತೆ."

ತವಮಲರ್ ಬೂಟು ಬಿಚ್ಚಿದಳು. ಇಬ್ಬರೂ ಬರಿಗಾಲಿನಲ್ಲಿ ಒಳಗೆ ನಡೆದರು. ಹನ್ನೊಂದು ವರ್ಷದಲ್ಲಿ ಇಂಥ ನೆಲದ ಬಿಸಿ ಅಂಗಾಲಿಗೆ ತಾಗಿದ್ದು ಅವಳಿಗೆ ಅದೇ ಮೊದಲು. ಹಳೆಯ ಮನೆಯ ಪಾಯ ದಾಟಿ ಆಚ್ಚಿ ನಿಂತಳು, ಕೊಂಬೆಯನ್ನು ಕೆಳಗಿಟ್ಟಳು, ಗುದ್ದಲಿಯನ್ನು ತವಮಲರ್ ಕೈಗೆ ಕೊಟ್ಟಳು. ಬಾಂಬು ತೆಗೆದ ಜಾಗ ಇನ್ನೂ ಆಚೆಗಿದೆ, ಅಲ್ಲಿ ಅಗೆಯಲಾ ಎಂದು ತವಮಲರ್ ಕೇಳಿದಳು.

"ಅಲ್ಲಿ ತೋಡಿ ತೆಗೆದಾಯ್ತಲ್ಲ, ಅಲ್ಲೇನಿರತ್ತೆ, ಬರೀ ಮಣ್ಣು" ಎಂದಳು ಆಚ್ಚಿ. ಕೊಡೆಯ ತುದಿಯನ್ನು ಎಲ್ಲೋ ನೋಡುತ್ತ, ಎಲ್ಲೋ ಒಂದು ಕಡೆ ಊರಿದಳು. "ನನಗೆ ಬೇಕಾದ್ದು ಇಲ್ಲಿ, ನೀವು ತೋಡದ ಕಡೆ."

ತವಮಲರ್ ಗುದ್ದಲಿ ಹಿಡಿದು ನಿಂತಳು. ಕೈ ಏಳಲಿಲ್ಲ. ಕರಣೆ, ಕುಂಚ, ಪಕ್ಕದಿಂದ ಕೆರೆತ, ಇಷ್ಟನ್ನೇ ಕಲಿತ ಕೈ ಅದು. ಗಡಿಯ ಹತ್ತಿರ ನಿಂತ ತಂಡದವರಿಗೆ ಅವಳು ಯಾಕೆ ನಿಂತಳೆಂದು ಗೊತ್ತಿತ್ತು. ಆಚ್ಚಿ ಹಿಂದಕ್ಕೆ ಸರಿಯಲಿಲ್ಲ, ಅವಳ ಪಕ್ಕದಲ್ಲೇ, ಒಂದು ಮೊಳ ದೂರದಲ್ಲಿ, ಬರಿಗಾಲಿನಲ್ಲಿ ನಿಂತಿದ್ದಳು.

ಈ ನೆಲವನ್ನು ನಾನು ನೋಡಿದ್ದೇನೆ ಎಂದುಕೊಂಡಳು ತವಮಲರ್. ಎರಡು ಸಲ ನೋಡಿದ್ದೇನೆ. ಗುದ್ದಲಿಯನ್ನು ಎರಡೂ ಕೈಯಿಂದ ತಲೆಯ ಮೇಲೆತ್ತಿ, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ, ಮೇಲಿನಿಂದ ನೇರವಾಗಿ ನೆಲಕ್ಕೆ ಹೊಡೆದಳು.